ಗಾಳಿಯ ಮೇಲೆ ನಡೆವ ಗಾಡಿ



ಶ್ರಾವಣಮಾಸದ ಶುಕ್ರವಾರಗಳಲ್ಲಿ ಬೆಂಗಳೂರಿನಿಂದ ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಹೊರಡುವ ಕಾರುಗಳನ್ನು ತಾವು ನೋಡಿರಬಹುದು. ಐವರು ಕೂರುವ ಕಡೆ ಏಳು ಮಂದಿ; ಅವರ ಹಿಂದೆ ಹಣ್ಣು ತೆಂಗಿನಕಾಯಿಗಳ ಚೀಲ, ಬುತ್ತಿಯ ಡಬ್ಬಿಗಳು, ನೀರಿನ ಕ್ಯಾನು, ಮಕ್ಕಳ ಬಟ್ಟೆಯ ಗಂಟು. ಗಾಡಿಯ ಹಿಂಭಾಗವು ನೆಲದ ಕಡೆಗೆ ಕುಗ್ಗಿ, ಮುಂಭಾಗವು ಆಕಾಶವನ್ನು ನೋಡುತ್ತಿರುವುದು. ತುಮಕೂರಿನ ಹೆದ್ದಾರಿಯಲ್ಲಿ ಇದರ ತೊಂದರೆ ಅಷ್ಟಾಗಿ ತಿಳಿಯದು. ಡಾಬಸ್‌ಪೇಟೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಕೊರಟಗೆರೆಯ ದಾರಿಯನ್ನು ಹಿಡಿದ ಮೇಲೆ, ಊರು ಬಂದಲ್ಲೆಲ್ಲ ರಸ್ತೆಯುಬ್ಬುಗಳು ಎದುರಾಗುವುವು. ಆಗ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜಿ, ಒಳಗೆ ಕುಳಿತವರ ಎದೆ ಝಲ್ಲೆನ್ನುವುದು.

ನಾವೂ ಒಮ್ಮೆ ಇದೇ ದಾರಿಯಲ್ಲಿ ಮಿತ್ರರೊಬ್ಬರ ಕುಟುಂಬದೊಡನೆ ಹೋದೆವು. ಆದರೆ ಅವರ ಕಾರು ಕುಗ್ಗಲಿಲ್ಲ. ಅವರು ಹಿಂದಿನ ಚಕ್ರಗಳ ಉಕ್ಕಿನ ಸ್ಪ್ರಿಂಗುಗಳನ್ನು ತೆಗೆಸಿ, ಆ ಜಾಗದಲ್ಲಿ ರಬ್ಬರಿನ ಗಾಳಿಚೀಲಗಳನ್ನು ಹಾಕಿಸಿದ್ದರು. ಎಲ್ಲರೂ ಹತ್ತಿ ಕುಳಿತ ಮೇಲೆ ಒಂದು ಸ್ವಿಚ್ಚನ್ನು ಒತ್ತಿದರು. ಎಲ್ಲಿಯೋ ಒಂದು ಸಣ್ಣ ಯಂತ್ರ ಗುಂಯ್‌ಗುಟ್ಟಿತು. ಗಾಡಿಯು ಮೆಲ್ಲನೆ ಮೇಲೆದ್ದು ಸಮವಾಗಿ ನಿಂತಿತು. “ನೋಡಿದಿರಾ ಸ್ವಾಮಿ, ಈಗ ಗಾಡಿಗೆ ಭಾರವೇ ಇಲ್ಲ” ಎಂದರು ನಮ್ಮ ಮಿತ್ರರು. ಆ ಮಾತಿನಲ್ಲಿ ಎಷ್ಟು ಸತ್ಯವುಂಟು, ಎಷ್ಟು ಅಪಾಯವುಂಟು ಎಂಬುದನ್ನು ವಿಚಾರಮಾಡುವುದೇ ಈ ಹೊತ್ತಿನ ನಮ್ಮ ಉದ್ದೇಶ. ಅಪಘಾತದಲ್ಲಿ ಸಿಡಿದು ಮುಖಕ್ಕೂ ಎದೆಗೂ ಆಸರೆಯಾಗುವ ಏರ್‌ಬ್ಯಾಗು ಬೇರೆ; ನಾವು ಹೇಳಹೊರಟಿರುವ, ಗಾಡಿಯನ್ನು ಹೊರುವ ಚೀಲ ಬೇರೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇವೆ.

ಹಿಂದಿನ ಕಾಲದ ಎತ್ತಿನ ಗಾಡಿಗೆ ಸ್ಪ್ರಿಂಗು ಇರಲಿಲ್ಲ. ಕಲ್ಲಿನ ಮೇಲೆ ಚಕ್ರ ಹತ್ತಿದರೆ ಆ ಏಟು ನೇರವಾಗಿ ಕುಳಿತವನ ಬೆನ್ನುಮೂಳೆಗೆ ತಲಪುತ್ತಿತ್ತು. ಜಟಕಾ ಗಾಡಿಗೆ ಉಕ್ಕಿನ ಕಮಾನು ಪಟ್ಟಿಗಳು ಬಂದುವು. ಚಕ್ರವು ಏರಿಳಿದರೂ ಕುಳಿತವರು ಆದಷ್ಟು ಒಂದೇ ಮಟ್ಟದಲ್ಲಿ ಸಾಗಬೇಕೆಂಬುದೇ ಸ್ಪ್ರಿಂಗಿನ ಉದ್ದೇಶ. ಇದಕ್ಕೆ ಉಕ್ಕೇ ಆಗಬೇಕೆಂಬ ನಿಯಮವಿಲ್ಲ. ಗಾಳಿಯನ್ನು ಒತ್ತಿದರೆ ಅದೂ ತಿರುಗಿ ಒತ್ತುವುದು. ಗಾಳಿಯ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಅದರ ಒತ್ತಡವು ಎರಡರಷ್ಟಾಗುವುದೆಂಬ ನಿಯಮವನ್ನು ರಾಬರ್ಟ್ ಬಾಯಿಲನು 1662ರಲ್ಲಿ ಪ್ರಕಟಿಸಿದನು. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಆದುದರಿಂದ ನಮ್ಮ ಕಾರುಗಳೆಲ್ಲ ಈಗಾಗಲೇ ನಾಲ್ಕು ಗಾಳಿಚೀಲಗಳ ಮೇಲೆಯೇ ನಡೆಯುತ್ತಿವೆಯೆಂದು ಹೇಳಿದರೆ ತಪ್ಪಾಗದು. ಚಕ್ರಕ್ಕೂ ಒಡಲಿಗೂ ನಡುವೆ ಇನ್ನೊಂದು ಚೀಲವನ್ನು ಇಡುವುದೇ ಈ ಹೊಸ ಏರ್ಪಾಡು. ಕಮ್ಮಾರನ ತಿದಿಯನ್ನು ಕಂಡವರಿಗೆ ಇದರ ಆಕಾರವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದರ ಗುಣವೇನೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಹಿಂದಿನ ಒಂದು ಚಕ್ರದ ಸ್ಪ್ರಿಂಗಿನ ಮೇಲೆ 300 ಕಿಲೋಗ್ರಾಂ ಭಾರವಿದೆಯೆಂದೂ, ಆ ಸ್ಪ್ರಿಂಗು ಪ್ರತಿ 20 ಕಿಲೋಗ್ರಾಂಗೆ ಒಂದು ಸೆಂಟಿಮೀಟರು ಕುಗ್ಗುವುದೆಂದೂ ಭಾವಿಸೋಣ. ಜನವೂ ಸಾಮಾನೂ ಸೇರಿ ಇನ್ನು 100 ಕಿಲೋಗ್ರಾಂ ಬಿದ್ದರೆ ಗಾಡಿ 5 ಸೆಂಟಿಮೀಟರು ಕೆಳಗಿಳಿಯುವುದು. ರಸ್ತೆಯುಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿದ್ದು ನಯವಾಗಿ ಬಾಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕ್ರಮ ಹೇಳುತ್ತದೆ. ಊರವರು ತಾವೇ ಕಟ್ಟಿದ ಉಬ್ಬಿಗೆ ಅಂಥ ಕ್ರಮವೆಲ್ಲಿಯದು! ಅಲ್ಲಿ ಕಳೆದುಹೋದ 5 ಸೆಂಟಿಮೀಟರು ಅಲ್ಪವಲ್ಲ.

ಈಗ ಸ್ಪ್ರಿಂಗಿನ ಜಾಗದಲ್ಲಿ 80 ಚದರ ಸೆಂಟಿಮೀಟರು ವಿಸ್ತಾರದಲ್ಲಿ ಭಾರವನ್ನು ಹೊರುವ ಚೀಲವನ್ನು ಇಡೋಣ. 300 ಕಿಲೋಗ್ರಾಂ ಹೊರಲು ಅದರಲ್ಲಿ ಚದರ ಸೆಂಟಿಮೀಟರಿಗೆ 3.75 ಕಿಲೋಗ್ರಾಂ ಒತ್ತಡ ಬೇಕು. ಗಾಳಿ ಹಾಕುವವರ ಮಾತಿನಲ್ಲಿ ಇದು ಸುಮಾರು 53 ಪೌಂಡು. 400 ಕಿಲೋಗ್ರಾಂಗೆ 5 ಕಿಲೋಗ್ರಾಂ, ಎಂದರೆ 71 ಪೌಂಡು. ಅಷ್ಟು ಗಾಳಿಯನ್ನು ತುಂಬಿದರೆ ಗಾಡಿ ಮೊದಲಿನ ಎತ್ತರಕ್ಕೇ ಬಂದು ನಿಲ್ಲುವುದು. ಇಷ್ಟೇ ಅಲ್ಲ. ಮೇಲೆ ಹೇಳಿದ ಉಕ್ಕಿನ ಸ್ಪ್ರಿಂಗಿನ ಮೇಲೆ ಗಾಡಿಯು ಹಗುರವಾಗಿದ್ದಾಗ ನಿಮಿಷಕ್ಕೆ ಸುಮಾರು 77 ಸಲ ತೂಗುವುದು. ಭಾರ ಹೆಚ್ಚಿದಾಗ 67 ಸಲ. ಗಾಳಿಚೀಲವಾದರೋ ಭಾರ ಹೆಚ್ಚಿದಂತೆ ತಾನೂ ಬಿಗಿಯಾಗುವುದರಿಂದ ಈ ತೂಗಾಟದ ಲಯವು ಹೆಚ್ಚು ಬದಲಾಗುವುದಿಲ್ಲ. ಒಬ್ಬರು ಕುಳಿತರೂ ಐವರು ಕುಳಿತರೂ ಸವಾರಿ ಹೆಚ್ಚುಕಡಿಮೆ ಒಂದೇ ತೆರನಾಗಿರುವುದು. ಬೆನ್ನುನೋವಿನ ವೃದ್ಧರಿಗೂ ಗರ್ಭಿಣಿಯರಿಗೂ ಇದು ನಿಜವಾದ ಉಪಕಾರ.

ಈ ಉಪಕಾರವನ್ನು ನಮ್ಮ ನಾಡಿನ ಜನರು ಬಸ್ಸುಗಳಲ್ಲಿ ಅನುಭವಿಸಿಯೂ ಇದ್ದಾರೆ. 2001ರಲ್ಲಿ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ವೋಲ್ವೋ ಬಸ್ಸುಗಳ ತಯಾರಿಕೆ ಮೊದಲಾಯಿತು. ರಾಜ್ಯ ಸಾರಿಗೆ ಸಂಸ್ಥೆಯ ‘ಐರಾವತ’ದಲ್ಲಿ ಕುಳಿತವರು ಲೋಟದ ಕಾಫಿ ಚೆಲ್ಲದೆ ಸಾಗಿದ್ದರೆ ಅದಕ್ಕೆ ಗಾಳಿಚೀಲಗಳೂ ಒಂದು ಕಾರಣ. 2006ರ ಸುಮಾರಿಗೆ ಬೆಂಗಳೂರು ನಗರಕ್ಕೆ ಬಂದ ತಗ್ಗು ನೆಲದ ಬಸ್ಸುಗಳಲ್ಲಿ, ಚೀಲದ ಗಾಳಿಯನ್ನು ಬಿಟ್ಟು ಬಾಗಿಲ ಪಕ್ಕವನ್ನು ತಗ್ಗಿಸುವ ಅನುಕೂಲವೂ ಇತ್ತು. ಆದರೆ ಬಸ್ಸಿಗೆ ಡಿಪೋ ಉಂಟು. ಅಲ್ಲಿ ಅದನ್ನು ಪರೀಕ್ಷಿಸುವ ಮೆಕ್ಯಾನಿಕ್ಕುಗಳು ಉಂಟು. ಮನೆಯ ಕಾರಿಗೆ ಅದರ ಯಜಮಾನನೇ ಡಿಪೋ.

ಈ ಮಾತು ಬರಿಯ ಹಾಸ್ಯವಲ್ಲ. ಅಮೆರಿಕದಲ್ಲಿ 1953ರಿಂದ ಜನರಲ್ ಮೋಟಾರ್ಸಿನ ಬಸ್ಸುಗಳಲ್ಲಿ ಗಾಳಿಚೀಲವು ನೆಲೆಯೂರಿತು. ಅದೇ ಸಂಸ್ಥೆಯು 1957ರಲ್ಲಿ ತನ್ನ ಅತ್ಯಂತ ಬೆಲೆಬಾಳುವ ಕ್ಯಾಡಿಲಾಕ್ ಕಾರೊಂದಕ್ಕೂ ಅದನ್ನು ಹಾಕಿತು. ಆದರೆ ಗಾಳಿ ಸೋರುವ ಕಾಟವನ್ನು ತಾಳಲಾರದೆ ಆ ಕಾರುಗಳ ಎಷ್ಟೋ ಮಂದಿ ಒಡೆಯರು ತಿರುಗಿ ಉಕ್ಕಿನ ಸ್ಪ್ರಿಂಗುಗಳನ್ನೇ ಹಾಕಿಸಿಕೊಂಡರು. ಅಂದಿನಿಂದ ರಬ್ಬರೂ ವಾಲ್ವುಗಳೂ ಬಹಳ ಸುಧಾರಿಸಿವೆ. ಆದರೂ ಉಕ್ಕಿನ ಸ್ಪ್ರಿಂಗು ಮರೆತರೂ ಕೆಲಸ ಮಾಡುವ ವಸ್ತು. ಗಾಳಿಚೀಲವು ನೆನೆದರೆ ಮಾತ್ರ ಕೆಲಸ ಮಾಡುವ ವಸ್ತು.

ದಿನವೂ ಓಡುವ ಕಾರಿಗೆ ಇದನ್ನು ಹಾಕಿಸಿದವರು ನೆನೆಯಬೇಕಾದ ಸಂಗತಿಗಳು ಇವು. ಕಂಪ್ರೆಸರು ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುವುದರಿಂದ ಗಾಳಿಯ ಟ್ಯಾಂಕಿನಲ್ಲಿ ನೀರು ನಿಲ್ಲುವುದು. ಅದನ್ನು ಆಗಾಗ್ಗೆ ಬಸಿಯದಿದ್ದರೆ ವಾಲ್ವುಗಳು ಕೆಡುವುವು. ರಾತ್ರಿ ಸಮವಾಗಿ ನಿಂತ ಗಾಡಿ ಬೆಳಗ್ಗೆ ಒಂದು ಮಗ್ಗುಲಿಗೆ ವಾಲಿದ್ದರೆ ಅಲ್ಲಿ ಸೋರಿಕೆಯಿದೆ. ಕೊಳವೆಯ ಸಂದುಗಳಿಗೆ ಸಾಬೂನಿನ ನೀರನ್ನು ಹಚ್ಚಿದರೆ ಗುಳ್ಳೆಯೇ ಜಾಗವನ್ನು ತೋರಿಸುವುದು. ಎಡಬಲದ ಚೀಲಗಳಿಗೆ ಸೇರಿ ಒಂದೇ ಕೊಳವೆಯನ್ನು ಹಾಕಿದರೆ, ತಿರುವಿನಲ್ಲಿ ಹೊರಮಗ್ಗುಲಿನ ಗಾಳಿ ಒಳಮಗ್ಗುಲಿಗೆ ಹರಿದು ಗಾಡಿ ಇನ್ನಷ್ಟು ವಾಲುವುದು. ಆದುದರಿಂದ ಎರಡಕ್ಕೂ ಬೇರೆ ಬೇರೆ ದಾರಿ ಇರತಕ್ಕದ್ದು. ಚೀಲವು ಭಾರವನ್ನು ಹೊರುವುದೇ ಹೊರತು ತೂಗಾಟವನ್ನು ಅಡಗಿಸುವುದಿಲ್ಲ. ಆ ಕೆಲಸ ಷಾಕ್ ಅಬ್ಸಾರ್ಬರಿನದು, ಅದೂ ಗಟ್ಟಿಯಾಗಿರಬೇಕು. ಬರಿಯ ಚೀಲದ ಆಸರೆಯಲ್ಲಿ ನಿಂತ ಗಾಡಿಯ ಅಡಿಗೆ ಯಾರೂ ನುಸುಳಕೂಡದು.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ನೋಂದಣಿಯ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದುದರಿಂದ ಹಣವನ್ನು ಸುರಿಯುವ ಮುನ್ನ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ವಿವೇಕ. ಗಾಡಿಯನ್ನು ನೆಲಕ್ಕೆ ತಾಗಿಸಿ ಮೆರೆಸುವ ಹಂಬಲದ ತರುಣರಿಗೆ ಈ ಮಾತು ವಿಶೇಷವಾಗಿ ಸಲ್ಲುವುದು.

ಇನ್ನು ನಮ್ಮ ಪ್ರಯಾಣದ ಕಥೆಯನ್ನು ಮುಗಿಸೋಣ. ದರ್ಶನವಾಯಿತು, ಊಟವಾಯಿತು. ಹೋಗುವಾಗ ಯಾವ ಉಬ್ಬೂ ಹೊಟ್ಟೆಗೆ ತಾಗಿರಲಿಲ್ಲವಾದುದರಿಂದ ಮಿತ್ರರಿಗೆ ಧೈರ್ಯ ಹೆಚ್ಚಿತ್ತು. ಹಿಂದಿರುಗುವಾಗ ಕೊರಟಗೆರೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಕುರಿಮಂದೆಯೊಂದು ರಸ್ತೆಗೆ ಅಡ್ಡಬಂತು. ಮಿತ್ರರು ಬ್ರೇಕನ್ನು ತುಳಿದರು. ಗಾಡಿ ತಾವೆಣಿಸಿದ ಜಾಗದಲ್ಲಿ ನಿಲ್ಲಲಿಲ್ಲ. ಜಾರುತ್ತ ಸಾಗಿ, ಮಂದೆಯ ಹಿಂದಿದ್ದ ಹುಡುಗನಿಗೆ ಒಂದು ಮಾರು ದೂರದಲ್ಲಿ ನಿಂತಿತು. ಒಳಗೆ ಒಬ್ಬರೂ ಮಾತನಾಡಲಿಲ್ಲ. ಮುದುಕ ಕುರುಬನೊಬ್ಬ ಹತ್ತಿರ ಬಂದು, ಗಾಡಿಯೊಳಗಿನ ತಲೆಗಳನ್ನು ಒಂದೊಂದಾಗಿ ನೋಡಿ, “ಒಸಿ ನಿದಾನ ಸ್ವಾಮಿ, ಬಾಳ ಜನ ಅವ್ರೆ” ಎಂದ. ನಾವು ಮರೆತಿದ್ದ ಲೆಕ್ಕವನ್ನು ಆತ ಒಂದೇ ನೋಟದಲ್ಲಿ ಹಾಕಿದ್ದ.

ಚೀಲವು ಭಾರವನ್ನು ಎತ್ತಿ ನಿಲ್ಲಿಸಿತ್ತೇ ಹೊರತು ಕಳೆದಿರಲಿಲ್ಲ. ಬ್ರೇಕು, ಟೈರು, ಅಚ್ಚುಗಳಿಗೆ ಏಳು ಮಂದಿಯ ತೂಕವು ಹಾಗೆಯೇ ಇತ್ತು. ತಯಾರಕರು ಗೊತ್ತುಮಾಡಿದ ಗರಿಷ್ಠ ಭಾರವು ಗಾಳಿಚೀಲದಿಂದ ಒಂದು ಕಿಲೋಗ್ರಾಂ ಕೂಡ ಹೆಚ್ಚುವುದಿಲ್ಲ. ಉಕ್ಕಿನ ಸ್ಪ್ರಿಂಗು ಕುಗ್ಗುವುದು ಒಂದು ದೋಷವೆಂದು ನಾವು ತಿಳಿದಿದ್ದೆವು. ಅದು ಒಂದು ಎಚ್ಚರಿಕೆಯೂ ಹೌದು. ಗಾಡಿ ತನ್ನ ಆಯಾಸವನ್ನು ಹೇಳುವ ಭಾಷೆ ಅದು. ಗಾಳಿಚೀಲವು ಆ ಬಾಯನ್ನು ಮುಚ್ಚಿಬಿಡುವುದು. ಆ ಮೇಲೆ ಮಾತನಾಡುವುದು ಒತ್ತಡದ ಮುಳ್ಳೊಂದೇ. 53 ಪೌಂಡಿದ್ದುದು 71 ಆಗಿದ್ದರೆ ಆ ಚಕ್ರದ ಮೇಲೆ ಇನ್ನು 100 ಕಿಲೋಗ್ರಾಂ ಬಿದ್ದಿದೆಯೆಂದು ಅದು ಹೇಳುತ್ತಿರುವುದು, ಓದುವವರಿದ್ದರೆ.

ಹಾಗಾದರೆ ಇದನ್ನು ಹಾಕಿಸಬಹುದೋ ಬಾರದೋ? ಕಾರ್ಖಾನೆಯಲ್ಲಿಯೇ ಗಾಳಿಚೀಲದೊಡನೆ ತಯಾರಾದ ಗಾಡಿಯಾದರೆ ನಿಶ್ಚಿಂತೆಯಿಂದ ಬಳಸಬಹುದು. ಚೀಲವನ್ನು ಬದಲಿಸುವ ಖರ್ಚಿಗೆ ಮಾತ್ರ ಸಿದ್ಧರಾಗಿರಬೇಕು. ಸಾಧಾರಣ ಕಾರಿನವರು, ಅನುಮತಿಯಿದ್ದ ಪಕ್ಷದಲ್ಲಿ, ಉಕ್ಕಿನ ಸ್ಪ್ರಿಂಗನ್ನು ತೆಗೆಯದೆ ಅದರ ಸುರುಳಿಯೊಳಗೆ ಕೂರುವ ಸಹಾಯಕ ಚೀಲವನ್ನು ಹಾಕಿಸುವುದು ಮೇಲು. ಗಾಳಿ ಹೋದರೂ ಉಕ್ಕು ಕೈಬಿಡದು. ವರ್ಷಕ್ಕೆರಡು ಸಲ ಮಾತ್ರ ಭಾರ ಹೇರುವವರಿಗೆ ಇದಾವುದೂ ಬೇಕಿಲ್ಲ. ಇಬ್ಬರನ್ನು ಬಸ್ಸಿಗೆ ಹತ್ತಿಸಿದರೆ ಗಾಡಿ ತಾನಾಗಿಯೇ ಮೇಲೇಳುವುದು.

ನಮ್ಮ ಮಿತ್ರರು ಮರುವರ್ಷವೂ ಅದೇ ಕಾರಿನಲ್ಲಿ ಗೊರವನಹಳ್ಳಿಗೆ ಹೋದರು. ಗಾಳಿಚೀಲಗಳು ಹಾಗೆಯೇ ಇದ್ದುವು. ಕಾರಿನಲ್ಲಿ ನಾಲ್ವರಿದ್ದರು, ನಾವು ಉಳಿದವರೊಡನೆ ಬಸ್ಸಿನಲ್ಲಿ ಹಿಂದೆ ಹೋದೆವು.