ಪಟ್ಟಿಯಲ್ಲಿ ಹಾಡುಂಟು, ಪೆಟ್ಟಿಗೆಯಲ್ಲಿಲ್ಲ!

ಸೋಂಪುರ: ಬಸ್ಸು ಹೊರಡುವ ವೇಳೆಯ ಬೋರ್ಡು ನಂಬಿ ನಿಂತವರ ಪಾಡು ಏನೆಂದು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಸಂಜೆ ಆರೂಮುಕ್ಕಾಲಿಗೆ ಬಸ್ಸುಂಟು ಅಂತ ಬಣ್ಣದಲ್ಲಿ ದಪ್ಪಗೆ ಬರೆದಿರುತ್ತೆ. ರಸ್ತೆಯಲ್ಲಿ ಮಾತ್ರ ಅದರ ಸುಳಿವಿಲ್ಲ. ಆ ಬಸ್ಸು ನಿಂತು ಎಷ್ಟು ಕಾಲವಾಯ್ತೋ ದೇವರೇ ಬಲ್ಲ. ಬರೆಯೋಕೆ ಒಬ್ಬ ಸಿಕ್ಕಿದ್ದ, ಅಳಿಸೋಕೆ ಯಾರೂ ಇಲ್ಲ.

ಅಂಥದೊಂದು ಬೋರ್ಡಿನ ಕೆಳಗೆ ಮೊನ್ನೆ ನೆಲಮಂಗಲದ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲೊಬ್ಬ ಹುಡುಗ ನಿಂತಿದ್ದ. ಕೈಗಾರಿಕಾ ಪ್ರದೇಶದಲ್ಲಿ ಜನರಲ್ ಶಿಫ್ಟು ಮುಗಿಸಿ ಬಂದವನು. ಬೆನ್ನಿಗೆ ಚೀಲ, ಕೈಯಲ್ಲಿ ಮೊಬೈಲು, ಮುಖದಲ್ಲಿ ಕಳೆಯಿಲ್ಲ.

“ಏನಪ್ಪಾ, ಸಂಬಳ ಆಗಿಲ್ವಾ?” ಅಂದೆವು.

“ಸಂಬಳ ಆಗಿದೆ ಸಾರ್. ಬೋನಸ್ಸು ಹಾಳಾಯ್ತು” ಅಂದ.

ವಿಷಯ ಇಷ್ಟು. ಬೆಂಗಳೂರಿನಲ್ಲಿ ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ ಇವನು ಒಂದು ಹಳೇ ಎಕ್ಸ್‌ಬಾಕ್ಸ್ 360 ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ಗಿಟಾರು ಮತ್ತು ‘ರಾಕ್ ಬ್ಯಾಂಡ್’ ಅನ್ನೋ ಆಟದ ತಟ್ಟೆ ಕೊಂಡ. ಮಾರಿದವನು ಮೊಬೈಲಿನಲ್ಲಿ ಉದ್ದದ ಪಟ್ಟಿ ತೋರಿಸಿದನಂತೆ. “ನೋಡು, ಇದಕ್ಕೆ ಸಾವಿರಾರು ಹಾಡು ಸಿಗ್ತವೆ. ಒಂದೊಂದೇ ಇಳಿಸ್ಕೋ” ಅಂದನಂತೆ. ಹುಡುಗ ನಂಬಿದ. ಮನೆಗೆ ತಂದು ಹಚ್ಚಿದರೆ ಅಂಗಡಿಯೇ ಮುಚ್ಚಿದೆ! ಪಟ್ಟಿಯಲ್ಲಿ ಹಾಡುಂಟು, ಪೆಟ್ಟಿಗೆಯಲ್ಲಿಲ್ಲ.

ಶಿವಗಂಗೆ ಬೆಟ್ಟದ ಒಳಕಲ್ಲು ತೀರ್ಥ ಬಲ್ಲವರಿಗೆ ಈ ಕಥೆ ಹೊಸದಲ್ಲ. ಅದೇ ಒರಳು, ಅದೇ ನೀರು. ಒಬ್ಬನ ಕೈಗೆ ಸಿಗುತ್ತೆ, ಇನ್ನೊಬ್ಬನ ಕೈಗೆ ಸಿಗೋದಿಲ್ಲ. ಅಲ್ಲಿ ಪುಣ್ಯದ ಲೆಕ್ಕ ಅಂತಾರೆ. ಇಲ್ಲಿರೋದು ತಾರೀಖಿನ ಲೆಕ್ಕ.

ಏನಿದು ಆಟ?

ಗೊತ್ತಿಲ್ಲದವರಿಗೆ ಎರಡು ಮಾತು. ಟಿ.ವಿ. ಪರದೆಯ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಬಿಲ್ಲೆಗಳು ಹಾಡಿನ ತಾಳಕ್ಕೆ ಸರಿಯಾಗಿ ಹರಿದು ಬರುತ್ತವೆ. ಕೈಲಿರೋ ಗಿಟಾರಿನ ಅದೇ ಬಣ್ಣದ ಗುಂಡಿಯನ್ನು ಅದೇ ಕ್ಷಣಕ್ಕೆ ಒತ್ತಬೇಕು. ತಪ್ಪಿದರೆ ಗಿಟಾರಿನ ದನಿ ನಿಂತುಹೋಗುತ್ತೆ, ಅಂಕ ಕಡಿಮೆಯಾಗುತ್ತೆ. 2005ರಲ್ಲಿ ಬಂದ ‘ಗಿಟಾರ್ ಹೀರೊ’ ಈ ಹುಚ್ಚನ್ನು ಹಬ್ಬಿಸಿತು. ಅದನ್ನು ಮಾಡಿದ ಅಮೆರಿಕದ ಹಾರ್ಮೊನಿಕ್ಸ್ ಸಂಸ್ಥೆಯವರೇ 2007ರ ನವೆಂಬರಿನಲ್ಲಿ ಡ್ರಮ್ಮು, ಮೈಕು ಎಲ್ಲಾ ಸೇರಿಸಿ ‘ರಾಕ್ ಬ್ಯಾಂಡ್’ ಹೊರತಂದರು. ಮನೆಮಂದಿ ನಾಲ್ಕು ಜನ ಕೂತು ಒಂದು ಆರ್ಕೆಸ್ಟ್ರಾ ನಡೆಸಬಹುದು. ಗಣೇಶನ ಹಬ್ಬದ ಪೆಂಡಾಲು ಮನೆಯೊಳಗೇ ಬಂದಂತೆ!

ಮೊದಲ ತಟ್ಟೆಯಲ್ಲಿ ಇದ್ದದ್ದು 58 ಹಾಡು. ಅಷ್ಟಕ್ಕೇ ಜನ ತೃಪ್ತರಾಗ್ತಾರಾ? ಅದಕ್ಕೇ ವಾರವಾರವೂ ಹೊಸ ಹಾಡು ಅಂಗಡಿಗೆ ಬಿಟ್ಟರು. ಹೆಚ್ಚಿನ ಹಾಡಿಗೆ ಸುಮಾರು ಎರಡು ಡಾಲರ್. 2015ರ ಅಕ್ಟೋಬರಿನಲ್ಲಿ ‘ರಾಕ್ ಬ್ಯಾಂಡ್ 4’ ಬಂತು. ವಾರದ ಹಾಡು ನಿಂತದ್ದು 2024ರ ಜನವರಿ 25ಕ್ಕೆ. ಅಷ್ಟರಲ್ಲಿ ಹಾಡುಗಳ ಸಂಖ್ಯೆ ಎರಡೂವರೆ ಸಾವಿರ ದಾಟಿತ್ತು.

“ಅಷ್ಟಕ್ಕೆ ಯಾಕೆ ಕಾಸು ಕೊಡಬೇಕು? ಮೆಮೊರಿ ಕಾರ್ಡಿಂದ ಹಾಕ್ಕೊಂಡರಾಯ್ತು” ಅಂತೀರಾ? ಅದು ಆಗೋದಿಲ್ಲ ಸ್ವಾಮಿ. ಈ ಆಟದ ಹಾಡು ಬರೀ ಹಾಡಲ್ಲ. ಗಿಟಾರು, ಡ್ರಮ್ಮು, ಕಂಠ ಎಲ್ಲವನ್ನೂ ಬಿಡಿಬಿಡಿ ಮಾಡಿ, ಯಾವ ಗಳಿಗೆಗೆ ಯಾವ ಬಿಲ್ಲೆ ಬರಬೇಕು ಅಂತ ಒಬ್ಬ ಕಸುಬುದಾರ ಕೂತು ಬರೆದಿರಬೇಕು. ಜೊತೆಗೆ ಧ್ವನಿಮುದ್ರಣದ ಹಕ್ಕು ಇದ್ದವರ ಒಪ್ಪಿಗೆ ಬೇರೆ, ಹಾಡು ಕಟ್ಟಿದವರ ಒಪ್ಪಿಗೆ ಬೇರೆ. ಆ ಒಪ್ಪಿಗೆಗೂ ಅವಧಿ ಇರುತ್ತೆ, ಮಳಿಗೆಯ ಕರಾರಿಗೆ ಇರುವಂತೆ. ಅವಧಿ ಮುಗಿದರೆ ಹಾಡು ಅಂಗಡಿಯಿಂದ ಕೆಳಗಿಳಿಯುತ್ತೆ.

ಪಟ್ಟಿ ಅಂದರೆ ಬರೀ ಹೆಸರಲ್ಲ

ಇಷ್ಟು ಹಾಡಿಗೆ ಪಟ್ಟಿ ಬರೆದವರು ಯಾರು? ಆಡುವ ಮಂದಿಯೇ. ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ. ಹಾಡಿನ ಹೆಸರು, ಹಾಡಿದವರು, ಯಾವ ಇಸವಿಯದು, ಬಿಡಿಯಾಗಿ ಸಿಗುತ್ತೋ ಗಂಟಿನಲ್ಲಿ ಮಾತ್ರವೋ, ಅಂಗಡಿಗೆ ಬಂದ ದಿನ ಯಾವುದು ಎಂದು ಸಾಲುಸಾಲಾಗಿ ಬರೆದು ಅಂತರ್ಜಾಲದಲ್ಲಿ ಇಟ್ಟರು.

ಕೇಳೋಕೆ ಸುಲಭ. ಕೂತು ಬರೆದು ನೋಡಿ. ಮೊದಮೊದಲು ಎಕ್ಸ್‌ಬಾಕ್ಸಿಗೆ ಮಂಗಳವಾರ ಬಂದ ಹಾಡು ಪ್ಲೇಸ್ಟೇಷನ್ನಿಗೆ ಬರುತ್ತಿದ್ದುದು ಗುರುವಾರ. ಪಟ್ಟಿಯಲ್ಲಿ ಯಾವ ತಾರೀಖು ಬರೆಯೋದು? ಒಂದೇ ಹಾಡನ್ನು ಮೂಲ ಗಾಯಕ ಹಾಡಿದ್ದು ಒಂದು, ಬೇರೆಯವರು ಅದೇ ಧಾಟಿಯಲ್ಲಿ ಹಾಡಿದ್ದು ಇನ್ನೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಕೊಂಡವನು ಮೋಸ ಹೋದ. ಒಂದು ಪೆಟ್ಟಿಗೆಗೆ ಸಿಗುವ ಹಾಡು ಇನ್ನೊಂದಕ್ಕೆ ಸಿಗೋದಿಲ್ಲ. ಒಬ್ಬ ಸರಿಯಾಗಿ ಬರೆದಿದ್ದನ್ನು ಇನ್ನೊಬ್ಬ ‘ಮುಂದಿನ ವಾರ ಬರುತ್ತಂತೆ’ ಅನ್ನೋ ಗಾಳಿಮಾತು ಸೇರಿಸಿ ಕೆಡಿಸ್ತಾನೆ.

ಇದು ದೂರದ ಅಮೆರಿಕದ ಪೇಚು ಅಂತ ನಗಬೇಡಿ. ನಮ್ಮ ಕನ್ನಡ ಹಾಡಿಗೇ ಬನ್ನಿ. ‘ಗಂಧದ ಗುಡಿ’ಯ ಹಾಡು ಅಂತ ಕೇಳಿದರೆ ಯಾವ ಗಂಧದ ಗುಡಿ? 1973ರಲ್ಲಿ ಡಾ. ರಾಜ್, ವಿಷ್ಣುವರ್ಧನ್ ನಟಿಸಿದ್ದೋ, 2022ರಲ್ಲಿ ಪುನೀತ್ ತೀರಿಕೊಂಡ ಮೇಲೆ ತೆರೆಕಂಡ ಸಾಕ್ಷ್ಯಚಿತ್ರವೋ? ಇಸವಿ ಬರೆಯದ ಪಟ್ಟಿಯಲ್ಲಿ ಅಪ್ಪ ಮಗ ಒಂದೇ ಸಾಲಿನಲ್ಲಿ ಕೂತಿರ್ತಾರೆ. ‘ಪ್ರೀತಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬ ‘ಎಚ್’ ಸೇರಿಸ್ತಾನೆ, ಒಬ್ಬ ಬಿಡ್ತಾನೆ. ಹುಡುಕಿದವನಿಗೆ ಅರ್ಧ ಸಿಕ್ಕಿತು, ಅರ್ಧ ಹೋಯ್ತು.

ಹಿಂದೆ ಟಾಕೀಸಿನ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ ಕಥಾಸಾರದ ಜೊತೆ ಹಾಡಿನ ಪುಸ್ತಕ ಮಾರುತ್ತಿದ್ದರು. ಹಾಡು, ಬರೆದವರು, ಸಂಗೀತ ಕೊಟ್ಟವರು, ಹಾಡಿದವರು ಎಲ್ಲಾ ಅಚ್ಚಾಗಿರುತ್ತಿತ್ತು. ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಇರುತ್ತಿತ್ತು. ಆಮೇಲೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ಕಾಲ ಬಂತು ನೋಡಿ, ಹೆಸರು ಹೋಗಿ ‘ಟ್ರ್ಯಾಕ್ 1, ಟ್ರ್ಯಾಕ್ 2’ ಆಯ್ತು. ಬರೆದ ಕವಿ ಯಾರು, ಹಾಡಿದಾಕೆ ಯಾರು, ಕೇಳೋರಿಲ್ಲ.

ಅಂಗಡಿ ಮುಚ್ಚಿದ ಮೇಲೆ

ಈಗ ನಮ್ಮ ಹುಡುಗನ ತೊಂದರೆಗೆ ಬರೋಣ. ಎಕ್ಸ್‌ಬಾಕ್ಸ್ 360ರ ಅಂಗಡಿಯನ್ನು ಮೈಕ್ರೋಸಾಫ್ಟ್‌ನವರು 2024ರ ಜುಲೈ 29ರಂದು ಮುಚ್ಚಿದರು. ಮೊದಲೇ ಕೊಂಡವರಿಗೆ ತಮ್ಮ ಖಾತೆಯಿಂದ ಮತ್ತೆ ಇಳಿಸಿಕೊಳ್ಳುವ ಅವಕಾಶ ಬಿಟ್ಟರು, ಹೊಸದಾಗಿ ಕೊಳ್ಳುವವರಿಗೆ ಬಾಗಿಲು ಹಾಕಿದರು. ಹಾಡು ಕಟ್ಟಿಹಾಕಿರೋದು ಕೊಂಡವನ ಖಾತೆಗೆ. ಖಾತೆ ಇಲ್ಲದೆ ಪೆಟ್ಟಿಗೆ ಮಾತ್ರ ಮಾರಿದರೆ, ಬೀಗದ ಕೈ ತಾನಿಟ್ಟುಕೊಂಡು ಬೀರು ಮಾರಿದಂತೆ.

ಇದೇ ಮೊದಲಲ್ಲ. ಗಿಟಾರ್ ಹೀರೊ ಸರಣಿಯ ಬಹುಪಾಲು ಬಿಡಿ ಹಾಡುಗಳ ಮಾರಾಟ 2014ರ ಮಾರ್ಚ್ 31ಕ್ಕೆ ಕೊನೆಯಾಯಿತು. ನಿಂಟೆಂಡೊ ‘ವೀ’ ಪೆಟ್ಟಿಗೆಯ ಅಂಗಡಿ 2019ರ ಜನವರಿ 30ಕ್ಕೆ ಮುಚ್ಚಿತು. ಎಲ್ಲಕ್ಕಿಂತ ದೊಡ್ಡ ಏಟು 2015ರ ‘ಗಿಟಾರ್ ಹೀರೊ ಲೈವ್’ ಕೊಂಡವರದು. ಅದರ ತಟ್ಟೆಯಲ್ಲಿ ಇದ್ದದ್ದು 42 ಹಾಡು. ಮಿಕ್ಕ ನಾನೂರಕ್ಕೂ ಹೆಚ್ಚು ಹಾಡು ಅಂತರ್ಜಾಲದ ಮೂಲಕ ಹರಿದು ಬರಬೇಕಿತ್ತು. 2018ರ ಡಿಸೆಂಬರ್ 1ಕ್ಕೆ ಕಂಪನಿ ಕೊಳಾಯಿ ತಿರುಗಿಸಿಬಿಟ್ಟಿತು. ಒಂದೇ ದಿನಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಹಾಡು ಮಾಯ!

ಅಂಗಡಿ ಮುಚ್ಚಿದರೂ ಪಟ್ಟಿ ಉಳಿಯುತ್ತೆ. ನಿಜ ಹೇಳೋ ಪಟ್ಟಿಯಾದರೆ ಅದೇ ಚರಿತ್ರೆ, ತಿದ್ದದ ಪಟ್ಟಿಯಾದರೆ ಅದೇ ಬಲೆ. ಹುಡುಗ ಬಿದ್ದದ್ದು ಆ ಬಲೆಗೆ.

ಕಾನ್ಪುರದ ಒಬ್ಬ ಮನುಷ್ಯ

ಪಟ್ಟಿ ಮಾಡೋದು ನಿರುದ್ಯೋಗಿಗಳ ಕೆಲಸ ಅಂತ ಮೂಗು ಮುರಿಯುವವರಿಗೆ ಒಂದು ಹೆಸರು ಹೇಳ್ತೇವೆ: ಕಾನ್ಪುರದ ಹರ್‌ಮಂದಿರ್ ಸಿಂಗ್ ‘ಹಮ್‌ರಾಜ್’. ಅವರು 1931ರಲ್ಲಿ ಹಿಂದಿ ವಾಕ್ಚಿತ್ರ ಶುರುವಾದಾಗಿನಿಂದ ಬಂದ ಹಾಡುಗಳನ್ನು ದಶಕಕ್ಕೊಂದು ಸಂಪುಟದಂತೆ ‘ಹಿಂದಿ ಫಿಲ್ಮ್ ಗೀತ್ ಕೋಶ್’ ಮಾಡಿ ಪ್ರಕಟಿಸಿದರು. ಸಂಪುಟಗಳು ಬರತೊಡಗಿದ್ದು 1980ರ ಆಸುಪಾಸಿನಿಂದ. ಕಂಪ್ಯೂಟರಿಲ್ಲ, ಅಂತರ್ಜಾಲವಿಲ್ಲ. ಹಾಡಿನ ಪುಸ್ತಕ, ಗ್ರಾಮಾಫೋನ್ ತಟ್ಟೆಯ ನಂಬರು, ಊರೂರಿನ ಕೇಳುಗರ ಪತ್ರ ಇವೇ ಆಧಾರ. ಹಳೇ ಹಿಂದಿ ಹಾಡು ಯಾರದು ಅಂತ ಜಗಳ ಬಿದ್ದರೆ ಇವತ್ತಿಗೂ ಬಲ್ಲವರು ಆ ಪುಸ್ತಕ ತೆಗೀತಾರೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅಲ್ಲಿಂದ ಇಲ್ಲಿಗೆ ಎಷ್ಟು ಹಾಡು, ಎಷ್ಟು ಕವಿಗಳು! ನಮ್ಮ ಊರಿನ ಸೌಂಡ್ ಸಿಸ್ಟಮ್ ಅಂಗಡಿಗಳಲ್ಲಿ, ಹಳೇ ಕ್ಯಾಸೆಟ್ ಡಬ್ಬಗಳಲ್ಲಿ ಧೂಳು ತಿನ್ನುತ್ತಿರುವ ಹೊದಿಕೆಗಳೇ ದಾಖಲೆ. ತೂಕಕ್ಕೆ ಹಾಕುವ ಮುಂಚೆ ಒಂದು ನೋಟ್‌ಬುಕ್ಕಿಗೆ ಇಳಿಸಿದರೆ ಪುಣ್ಯ ಬರುತ್ತೆ.

ಅಂಗಡಿಯವರಿಗೆ ಗೊತ್ತಿರುವ ಗುಟ್ಟು

ಸರಿಯಾದ ಪಟ್ಟಿ ಹೇಗಿರಬೇಕು ಅನ್ನೋದನ್ನು ಅಮೆರಿಕದಿಂದ ಕಲಿಯಬೇಕಾಗಿಲ್ಲ. ದಾಬಸ್‌ಪೇಟೆಯ ಯಾವ ದಿನಸಿ ಅಂಗಡಿಯ ಉದ್ರಿ ಪುಸ್ತಕವನ್ನಾದರೂ ತೆಗೆದು ನೋಡಿ. ಬಾಕಿ ತೀರಿತು ಅಂತ ಶೆಟ್ಟರು ಆ ಹಾಳೆ ಹರಿದು ಹಾಕ್ತಾರಾ? ಇಲ್ಲ. ಗೀಟು ಎಳೆದು, ಪಕ್ಕದಲ್ಲಿ ತಾರೀಖು ಬರೀತಾರೆ. ನಾಳೆ ತಕರಾರು ಬಂದರೆ ಅದೇ ಸಾಕ್ಷಿ. ಹಾಡಿನ ಪಟ್ಟಿಗೂ ಅದೇ ನ್ಯಾಯ. ಅಂಗಡಿಯಿಂದ ಇಳಿದ ಹಾಡನ್ನು ಅಳಿಸಬಾರದು. ‘ಇಂಥ ದಿನದವರೆಗೆ ಸಿಗುತ್ತಿತ್ತು, ಈಗಿಲ್ಲ’ ಅಂತ ಬರೀಬೇಕು. ಕಣ್ಣಾರೆ ನೋಡಿದ್ದನ್ನು ಮಾತ್ರ ಸೇರಿಸಬೇಕು. ಗೊತ್ತಿಲ್ಲದ ಮನೆ ಖಾಲಿ ಬಿಡಬೇಕು, ಅಂದಾಜಿಗೆ ತುಂಬಬಾರದು. ಕೊನೆಯಲ್ಲಿ ‘ಇಂಥ ದಿನ ಪರೀಕ್ಷಿಸಿದೆ’ ಅನ್ನೋ ಒಂದು ಸಾಲು. ಅದಿಲ್ಲದ ಪಟ್ಟಿಯೂ ಒಂದೇ, ದಿನಾಂಕವಿಲ್ಲದ ಚೆಕ್ಕೂ ಒಂದೇ.

ಜೇಬು ಭದ್ರ

ಮನೆಯಲ್ಲಿ ಮಕ್ಕಳು “ಅಪ್ಪಾ, ಒಂದು ಹಾಡು ಕೊಡ್ಸು, ಯು.ಪಿ.ಐ. ಮಾಡು” ಅಂತ ಪೀಡಿಸಿದಾಗ ನೆನಪಿಡಿ. ಮೊಬೈಲಿನಲ್ಲಿ ‘ಕೊಳ್ಳಿ’ ಅನ್ನೋ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಸಿಗೋದು ಬಳಸುವ ಅನುಮತಿ, ಒಡೆತನ ಅಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಇದನ್ನು ಗಿರಾಕಿಗೆ ಮುಂಚೆಯೇ ತಿಳಿಸಬೇಕು ಅಂತ ಕಾಯಿದೆ ಇದೆ. ಇಲ್ಲಿ ರಸೀದಿ ಇಟ್ಟುಕೊಳ್ಳಿ. ಮೋಸ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಂಗಡಿಯವರಿಗೂ ಒಂದು ಕಿವಿಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕು ಇರುತ್ತೆ. ಒಪ್ಪಿಗೆಯಿಲ್ಲದೆ ಹಾಡು ತುಂಬಿಸಿ ಕಾಸು ಎಣಿಸಿದರೆ ಮೂರು ವರ್ಷದವರೆಗೂ ಜೈಲು ಕಾದಿದೆ. ‘ಎಲ್ಲರೂ ಮಾಡ್ತಾರೆ’ ಅನ್ನೋದು ನ್ಯಾಯಾಧೀಶರ ಮುಂದೆ ನಡೆಯೋದಿಲ್ಲ.

ಶಿವಗಂಗೆಯಲ್ಲಿ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತೆ ಅಂತ ಪ್ರತೀತಿ. ಹೋದ ದುಡ್ಡು ಹಾಗೆ ಹಿಂದಕ್ಕೆ ತಿರುಗೋದಿಲ್ಲ.

ನಮ್ಮ ಹುಡುಗನೇನೋ ಚೇತರಿಸಿಕೊಂಡ. “ತಟ್ಟೆಯಲ್ಲಿರೋ 58 ಹಾಡು ಯಾರೂ ಕಿತ್ಕೊಳ್ಳೋಕಾಗಲ್ಲ ಅಲ್ವಾ ಸಾರ್” ಅಂದ. ಅಷ್ಟೇ ಅಲ್ಲ, ಮಾರಿದವನು ತೋರಿಸಿದ ಆ ಪಟ್ಟಿಯನ್ನು ಹುಡುಕಿ, ಅದರ ನೆತ್ತಿಯ ಮೇಲೆ ‘ಈ ಪೆಟ್ಟಿಗೆಗೆ ಹೊಸದಾಗಿ ಕೊಳ್ಳಲು 29-7-2024ರಿಂದ ಸಾಧ್ಯವಿಲ್ಲ’ ಅಂತ ಒಂದು ಸಾಲು ಸೇರಿಸಿದ್ದಾನೆ. ಮೊಬೈಲು ತೆಗೆದು ನಮಗೂ ತೋರಿಸಿದ. ತಾನು ಬಿದ್ದ ಹಳ್ಳಕ್ಕೆ ಇನ್ನೊಬ್ಬ ಬೀಳದಿರಲಿ ಅಂತ ಕೆಂಪು ಬಟ್ಟೆ ಕಟ್ಟಿದ್ದಾನೆ.

ಆರೂಮುಕ್ಕಾಲಿನ ಬಸ್ಸು ಅವತ್ತೂ ಬರಲಿಲ್ಲ. ಏಳೂ ಇಪ್ಪತ್ತಕ್ಕೆ ಬಂದ ಇನ್ನೊಂದು ಬಸ್ಸಿಗೆ ನೇತುಬಿದ್ದು ಹೋದೆವು. ಬೋರ್ಡು ಹಾಗೇ ಇದೆ. ಅದಕ್ಕೂ ಅಂಥ ಒಬ್ಬ ಹುಡುಗ ಬೇಕಾಗಿದ್ದಾನೆ.