ಬೀಗ ಒಡೆಯೋರಿಗೆ ಬಹಿರಂಗ ಆಹ್ವಾನ

ಪಡಿತರ ತರೋಕೆ ಸೊಸೈಟಿಗೆ ಹೋಗ್ತೀರಿ. ಯಂತ್ರದ ಮೇಲೆ ಹೆಬ್ಬೆಟ್ಟು ಇಡ್ತೀರಿ. ಒಂದೇ ಸಲಕ್ಕೆ ತಗೊಳ್ಳಲ್ಲ, ಬೆರಳು ಒರೆಸಿಕೊಂಡು ಮತ್ತೆ ಇಡ್ತೀರಿ. ಯಂತ್ರ ಒಪ್ಪಿಕೊಳ್ಳುತ್ತೆ, ಅಕ್ಕಿ ತೂಗ್ತಾರೆ. ಆ ಕೆಲವು ಸೆಕೆಂಡುಗಳಲ್ಲಿ ನಿಮ್ಮ ಹೆಬ್ಬೆಟ್ಟಿನ ಗುರುತು ಆಧಾರ್ ಪ್ರಾಧಿಕಾರದ ಡೇಟಾ ಸೆಂಟರ್ ತಲುಪಿ, ಹೌದು, ಇವರೇ ಅಂತ ಉತ್ತರ ವಾಪಸ್ ಬಂದಿರುತ್ತೆ. ದಾರಿಯಲ್ಲಿ ಯಾರೂ ಅದನ್ನು ಕದ್ದು ನೋಡಬಾರದು ಅಂತ ಬೀಗ ಹಾಕಿ ಕಳಿಸುತ್ತಾರೆ. ಒಂದಲ್ಲ, ಎರಡು ಬೀಗ. ಮೊದಲನೆಯದರ ಹೆಸರು ಎಇಎಸ್, ಎರಡನೆಯದು ಆರ್‌ಎಸ್‌ಎ. ಪ್ರಾಧಿಕಾರ ಪ್ರಕಟಿಸಿರುವ ತಾಂತ್ರಿಕ ದಾಖಲೆಯಲ್ಲಿ ಎರಡರ ಹೆಸರೂ ಇದೆ, ಗುಟ್ಟೇನಲ್ಲ.

ಎಇಎಸ್ ಮಾಡಿದ್ದು ಬೆಲ್ಜಿಯಂನ ಇಬ್ಬರು. ಆರ್‌ಎಸ್‌ಎ ಮಾಡಿದ್ದು 1977ರಲ್ಲಿ ಇಬ್ಬರು ಅಮೆರಿಕನ್ನರು ಮತ್ತು ಒಬ್ಬ ಇಸ್ರೇಲಿ ಗಣಿತಜ್ಞ. ಇದನ್ನು ಹೇಳಿದ ಕೂಡಲೇ ಚರ್ಚೆಗೆ ಬಂದವರಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ: ‘ನಮ್ಮ ಜನರ ಹೆಬ್ಬೆಟ್ಟಿಗೆ ವಿದೇಶಿ ಬೀಗ ಯಾಕೆ ಸ್ವಾಮಿ? ನಾವೇ ಒಂದು ಮಾಡಿ, ಯಾರಿಗೂ ಗೊತ್ತಾಗದ ಹಾಗೆ ಗುಟ್ಟಾಗಿ ಇಟ್ಟುಕೊಂಡರೆ ಆಯಿತಲ್ಲ?’

ಪ್ರಶ್ನೆಯ ಮೊದಲರ್ಧ ನ್ಯಾಯವಾದದ್ದೇ. ಎರಡನೇ ಅರ್ಧ ಇದೆಯಲ್ಲ, ಅದು ಅಪಾಯ. ಯಾಕೆ ಅಂತ ಹೇಳ್ತೀನಿ.

1883ರಲ್ಲಿ ಕೆರ್ಕ್‌ಹಾಫ್ಸ್ ಅನ್ನೋ ಡಚ್ ವಿದ್ವಾಂಸ ಸೇನೆಯ ಗೂಢಲಿಪಿ ಬಗ್ಗೆ ಫ್ರೆಂಚ್ ಪತ್ರಿಕೆಯೊಂದರಲ್ಲಿ ಬರೆದರು. ಬೀಗದ ನಕ್ಷೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟು ಕೀಲಿಯಲ್ಲಿ ಮಾತ್ರ ಇರಬೇಕು ಅನ್ನೋದು ಅವರ ವಾದ. ಹೇಳೋಕೆ ಸುಲಭ. ಸರ್ಕಾರಗಳ ತಲೆಗೆ ಇಳಿಯೋಕೆ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಅಮೆರಿಕವನ್ನೇ ನೋಡಿ. 1977ರಲ್ಲಿ ಡಿಇಎಸ್ ಅನ್ನೋ ಬೀಗವನ್ನು ಅಲ್ಲಿನ ಸರ್ಕಾರ ಮಾನದಂಡ ಮಾಡಿತು. ಐಬಿಎಂ ಮಾಡಿದ್ದು, ಆದರೆ ಅವರ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಕೈಯಾಡಿಸಿತ್ತು. ಹೀಗೇ ಯಾಕೆ ಮಾಡಿದಿರಿ ಅಂದರೆ ಉತ್ತರ ಇಲ್ಲ. ವರ್ಷಗಟ್ಟಲೆ ಅನುಮಾನ ಹೋಗಲಿಲ್ಲ. ಕೀಲಿಯೂ ಚಿಕ್ಕದು, 1998ರಲ್ಲಿ ಒಂದು ನಾಗರಿಕ ಸಂಘಟನೆ ಎರಡೂವರೆ ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ಯಂತ್ರ ಕಟ್ಟಿ 56 ಗಂಟೆಯಲ್ಲಿ ಅದನ್ನು ಒಡೆದು ತೋರಿಸಿತು.

ಹೊಸ ಬೀಗಕ್ಕೆ ನಿಸ್ಟ್ ಬೇರೆ ದಾರಿ ಹಿಡಿದಿತ್ತು. ನಿಸ್ಟ್ ಅಂದರೆ ಅಮೆರಿಕದ ಮಾನದಂಡ ಸಂಸ್ಥೆ. ಐಎಸ್‌ಐ ಮಾರ್ಕ್ ಕೊಡುವ ನಮ್ಮ ಬಿಐಎಸ್ ಇದೆಯಲ್ಲ, ಹೆಚ್ಚುಕಮ್ಮಿ ಅಂಥದ್ದು. 1997ರಲ್ಲೇ ಅದು ಇಡೀ ಜಗತ್ತಿಗೆ ಕರೆ ಕೊಟ್ಟಿತು: ನಿಮ್ಮ ಬೀಗ ತನ್ನಿ, ನಕ್ಷೆ ಎಲ್ಲರೆದುರು ಇಡಿ, ಒಬ್ಬರದನ್ನು ಒಬ್ಬರು ಒಡೆಯಿರಿ. 15 ಬೀಗ ಕಣಕ್ಕೆ ಬಂದವು. ಐಬಿಎಂನದ್ದೂ ಇತ್ತು, ಅಮೆರಿಕದ ಘಟಾನುಘಟಿಗಳದ್ದೂ ಇತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಸೇರಿ ಎಲ್ಲರದ್ದನ್ನೂ ಜಾಲಾಡಿದರು. 2000ದ ಅಕ್ಟೋಬರ್‌ನಲ್ಲಿ ಗೆದ್ದದ್ದು ಬೆಲ್ಜಿಯಂನ ಯೋನ್ ಡೆಮನ್ ಮತ್ತು ವಿನ್ಸೆಂಟ್ ರೈಮನ್ ಅವರ ಬೀಗ. 2003ರಲ್ಲಿ ಅಮೆರಿಕ ತನ್ನ ಅತಿ ರಹಸ್ಯ ದಾಖಲೆಗಳಿಗೂ ಇದೇ ಬೀಗ ಸಾಕು ಅಂತ ಒಪ್ಪಿಕೊಂಡಿತು. ಪರದೇಶದವರು ಮಾಡಿದ ಬೀಗ ಅನ್ನೋ ಭಯ ಅವರಿಗೆ ಬರಲಿಲ್ಲ, ಯಾಕೆಂದರೆ ಒಡೆಯೋ ಪ್ರಯತ್ನ ಎಲ್ಲರ ಕಣ್ಣೆದುರೇ ನಡೆದಿತ್ತು.

ಹಾಗಂತ ನಿಸ್ಟ್ ಹೇಳಿದ್ದೆಲ್ಲ ವೇದವಾಕ್ಯ ಅಂತ ನಾನು ಹೇಳ್ತಿಲ್ಲ. ಕೀಲಿ ತಯಾರಿಸೋಕೆ ಯಾರೂ ಊಹಿಸಲಾಗದ ಸಂಖ್ಯೆಗಳು ಬೇಕು. ಅಂಥ ಸಂಖ್ಯೆ ಹುಟ್ಟಿಸುವ ‘ಡ್ಯುಯಲ್ ಇಸಿ’ ವಿಧಾನಕ್ಕೆ 2006ರಲ್ಲಿ ಇದೇ ಸಂಸ್ಥೆ ಮುದ್ರೆ ಒತ್ತಿತು. ಹಿಂದೆ ಇದ್ದದ್ದು ಎನ್‌ಎಸ್‌ಎ. ಮರುವರ್ಷವೇ ಮೈಕ್ರೋಸಾಫ್ಟ್‌ನ ಇಬ್ಬರು ಸಂಶೋಧಕರು ಇದರಲ್ಲಿ ಹಿಂಬಾಗಿಲು ಇರೋಕೆ ಸಾಧ್ಯ ಅಂತ ತೋರಿಸಿದರು. 2013ರಲ್ಲಿ ಸ್ನೋಡೆನ್ ದಾಖಲೆಗಳು ಹೊರಬಿದ್ದವು, ಆ ಸಂಶಯ ಗಟ್ಟಿಯಾಯಿತು. ಮರುವರ್ಷ ನಿಸ್ಟ್ ಅದನ್ನು ವಾಪಸ್ ತೆಗೆದುಕೊಂಡಿತು. ಒಂದೇ ಸಂಸ್ಥೆ, ಒಂದೇ ಮುದ್ರೆ. ಆದರೆ ಒಂದು ಎಲ್ಲರೂ ಜಾಲಾಡಿದ ಮೇಲೆ ಆರಿಸಿದ್ದು, ಇನ್ನೊಂದು ಹಾಗಲ್ಲ.

ಈಗ ಎರಡನೇ ಬೀಗಕ್ಕೆ ಬನ್ನಿ. ಆತಂಕ ಇರೋದು ಇಲ್ಲಿ. ಎಇಎಸ್ ಕೀಲಿಯನ್ನು ಪ್ರತಿ ಸಲ ಹೊಸದಾಗಿ ಮಾಡ್ತಾರೆ. ಆ ಕೀಲಿಯನ್ನೂ ಸುರಕ್ಷಿತವಾಗಿ ಕಳಿಸಬೇಕಲ್ಲ, ಅದಕ್ಕೆ ಆರ್‌ಎಸ್‌ಎ. ನಮ್ಮೂರ ಅಂಚೆ ಡಬ್ಬದ ಹಾಗೆ ಅದು. ಕಾಗದ ಯಾರು ಬೇಕಾದರೂ ಹಾಕಬಹುದು, ತೆಗೆಯೋದು ಕೀಲಿ ಇದ್ದ ಅಂಚೆಯವರು ಮಾತ್ರ. ಎರಡು ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸೋದು ಸುಲಭ. ಗುಣಲಬ್ಧ ಕೊಟ್ಟು ಮೂಲ ಸಂಖ್ಯೆ ಹುಡುಕು ಅಂದರೆ ಇವತ್ತಿನ ಕಂಪ್ಯೂಟರ್‌ಗಳ ಕೈಲಿ ಆಗಲ್ಲ. ಇಲ್ಲಿರೋದು 617 ಅಂಕಿಗಳ ಸಂಖ್ಯೆ. ಆದರೆ 1994ರಲ್ಲೇ ಪೀಟರ್ ಶೋರ್ ಅನ್ನೋ ಗಣಿತಜ್ಞ, ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದ ದಿನ ಈ ಲೆಕ್ಕ ಬಿಡಿಸಬಹುದು ಅಂತ ತೋರಿಸಿಟ್ಟಿದ್ದಾರೆ. ಎಇಎಸ್‌ಗೆ ಅಷ್ಟು ಭಯ ಇಲ್ಲ. ಅಂಚೆ ಡಬ್ಬಕ್ಕೆ ಇದೆ.

ಅಂಥ ಕಂಪ್ಯೂಟರ್ ಇನ್ನೂ ಬಂದಿಲ್ಲ, ಆಮೇಲೆ ನೋಡಿಕೊಂಡರಾಯಿತು ಅನ್ನೋ ಹಾಗಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಇವತ್ತು ನಕಲು ಮಾಡಿಟ್ಟುಕೊಂಡು, ಹದಿನೈದು ವರ್ಷ ಬಿಟ್ಟು ತೆರೆಯಬಹುದು. ಪಾಸ್‌ವರ್ಡ್ ಆದರೆ ಅಷ್ಟು ಹೊತ್ತಿಗೆ ಬದಲಾಗಿರುತ್ತೆ. ಹೆಬ್ಬೆಟ್ಟು? ಹುಟ್ಟಿದಾಗ ಬಂದದ್ದು ಸಾಯೋತನಕ ಅದೇ.

ಅದಕ್ಕೇ 2016ರಲ್ಲಿ ನಿಸ್ಟ್ ಮತ್ತೆ ಕರೆ ಕೊಟ್ಟಿತು, ಕ್ವಾಂಟಂಗೂ ಜಗ್ಗದ ಬೀಗ ತನ್ನಿ ಅಂತ. 25 ದೇಶಗಳಿಂದ 82 ಬಂದವು. ಒಂದರ ಕಥೆ ಹೇಳಲೇಬೇಕು. ‘ಸೈಕ್’ ಅನ್ನೋ ಬೀಗ. ಮೈಕ್ರೋಸಾಫ್ಟ್, ಅಮೆಜಾನ್‌ನವರೂ ಇದ್ದ ತಂಡ. ಸುತ್ತುಗಳನ್ನು ದಾಟುತ್ತಾ 2022ರ ಜುಲೈವರೆಗೆ ಕಣದಲ್ಲಿ ಉಳಿದಿತ್ತು. ಆ ತಿಂಗಳ ಕೊನೆಗೆ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಇಬ್ಬರು, ಕಾಸ್ಟ್ರಿಕ್ ಮತ್ತು ಡೆಕ್ರು, 1997ರ ಒಂದು ಶುದ್ಧ ಗಣಿತದ ಪ್ರಮೇಯ ಹಿಡಿದುಕೊಂಡು ಅದನ್ನು ಒಡೆದರು. ಕ್ವಾಂಟಂ ಯಂತ್ರದಲ್ಲಲ್ಲ ಮಾರಾಯರೇ, ಮಾಮೂಲಿ ಕಂಪ್ಯೂಟರಿನ ಒಂದೇ ಒಂದು ಕೋರ್‌ನಲ್ಲಿ, ಸುಮಾರು ಒಂದು ಗಂಟೆಯಲ್ಲಿ! ಸೈಕ್ ತಂಡ ತಾನೇ ‘ಇದು ಸುರಕ್ಷಿತವಲ್ಲ, ಬಳಸಬೇಡಿ’ ಅಂತ ಪ್ರಕಟಿಸಿತು. ಇದೇ ಬೀಗವನ್ನು ಯಾವುದೋ ಒಂದು ದೇಶ ಗುಟ್ಟಾಗಿ ಮಾಡಿ ತನ್ನ ಬ್ಯಾಂಕುಗಳಿಗೆಲ್ಲ ಹಾಕಿದ್ದರೆ? ಒಡೆದವರು ಬಂದು ಹೇಳ್ತಿದ್ದರಾ?

ಕೊನೆಗೆ ಅಂಚೆ ಡಬ್ಬದ ಕೆಲಸಕ್ಕೆ ಆಯ್ಕೆಯಾದದ್ದು ‘ಕೈಬರ್’. ಮುಖ್ಯವಾಗಿ ಯುರೋಪಿನ ಸಂಶೋಧಕರ ಕೂಸು. 2024ರ ಆಗಸ್ಟ್‌ನಲ್ಲಿ ಮಾನದಂಡವಾಗಿ ಪ್ರಕಟವಾಯಿತು. ಅದಕ್ಕೆ ನಾಲ್ಕು ತಿಂಗಳ ಮುಂಚೆ ಒಂದು ಗಾಬರಿಯೂ ಆಗಿತ್ತು. ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಯಿಲೇ ಚೆನ್, ಕೈಬರ್ ನಿಂತಿರುವ ಗಣಿತದ ಬುಡಕ್ಕೇ ಕೈ ಹಾಕುವ ಪ್ರಬಂಧವೊಂದನ್ನು ಪ್ರಕಟಿಸಿದರು. ಜಗತ್ತಿನ ಗೂಢಲಿಪಿ ತಜ್ಞರು ಬೇರೆಲ್ಲ ಕೆಲಸ ಬಿಟ್ಟು ಅದನ್ನು ಓದಲು ಕೂತರು. ಎಂಟು ದಿನಗಳಲ್ಲಿ ಇಬ್ಬರು ಬೇರೆ ಬೇರೆಯಾಗಿ ಅದರಲ್ಲಿದ್ದ ತಪ್ಪು ಹಿಡಿದರು. ಚೆನ್ ಅವರೇ ತಮ್ಮ ಪ್ರಬಂಧದ ಮೇಲೆ ಅದನ್ನು ಬರೆದು ಹಾಕಿದರು. ಅಮೆರಿಕ-ಚೀನಾ ನಡುವೆ ಚಿಪ್ ವಿಚಾರಕ್ಕೆ ಜಟಾಪಟಿ ನಡೀತಿದ್ದ ಕಾಲ ಅದು, ನೆನಪಿರಲಿ.

ನಮ್ಮವರು ಎಲ್ಲಿ ಅಂತೀರಾ? ಕೊನೇ ಸುತ್ತಿನವರೆಗೆ ಕೈಬರ್‌ಗೆ ಎದುರಾಳಿಯಾಗಿದ್ದ ‘ಸೇಬರ್’ ತಂಡದಲ್ಲಿ ಅಂಗ್ಶುಮಾನ್ ಕರ್ಮಾಕರ್, ಸುಜಯ್ ಸಿನ್ಹಾ ರಾಯ್ ಇದ್ದರು. ಆದರೆ ಅದು ಲೂವೆನ್ ವಿಶ್ವವಿದ್ಯಾಲಯದ ತಂಡ. ತಲೆ ನಮ್ಮದು, ಪ್ರಯೋಗಾಲಯ ಅವರದು. 2023ರಲ್ಲಿ ಕೇಂದ್ರ ಸರ್ಕಾರ 6,003 ಕೋಟಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ. ಸ್ವದೇಶಿ ಬೀಗ ಮಾಡಲಿ, ನನಗೂ ಖುಷಿ. ಮಾಡಿದ ಮೇಲೆ ನಕ್ಷೆಯನ್ನು ಜಗತ್ತಿನ ಮುಂದೆ ಇಟ್ಟು ಒಡೆಯಿರಿ ನೋಡೋಣ ಅನ್ನಲಿ. ಬೇರೆಯವರ ಬೀಗ ಒಡೆದು ನೋಡೋ ಕೆಲಸಕ್ಕೂ ನಮ್ಮ ಹುಡುಗರಿಗೆ ಸಂಬಳ ಕೊಡಲಿ. ಅದನ್ನು ಸಂಶೋಧನೆ ಅಂತ ಪರಿಗಣಿಸೋಕೆ ನಮ್ಮಲ್ಲಿ ಇನ್ನೂ ಹಿಂಜರಿಕೆ ಇದೆ ಅನ್ನೋದು ನನ್ನ ಅನಿಸಿಕೆ.

ಕೈಬರ್‌ಗೂ ನಾಳೆ ಸೈಕ್‌ನ ಗತಿ ಬಂದರೆ ಅಂತ, 2025ರ ಮಾರ್ಚ್‌ನಲ್ಲಿ ಬೇರೆಯದೇ ಗಣಿತದ ಮೇಲೆ ನಿಂತ ‘ಎಚ್‌ಕ್ಯುಸಿ’ಯನ್ನು ನಿಸ್ಟ್ ಮೀಸಲಿಗೆ ಆರಿಸಿಟ್ಟಿದೆ. ಹಳೆಯ ಆರ್‌ಎಸ್‌ಎಯನ್ನು 2035ರ ನಂತರ ಬಳಸಲೇಬಾರದು ಅನ್ನೋ ಪ್ರಸ್ತಾವವನ್ನೂ ಮುಂದಿಟ್ಟಿದೆ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಯಾವ ಮೂಲೆಯಲ್ಲಿ ಆ ಹಳೇ ಬೀಗ ಕೂತಿದೆ ಅಂತ ಪಟ್ಟಿ ಮಾಡೋದಕ್ಕೇ ಕೆಲವು ವರ್ಷ ಬೇಕು. ಆ ಪಟ್ಟಿ ಎಲ್ಲಿಗೆ ಬಂತು ಅಂತ ನಮ್ಮ ಸಂಸದರು ಒಮ್ಮೆ ಸದನದಲ್ಲಿ ಎದ್ದು ಕೇಳಲಿ.