ನಾಲ್ಕು ಬಂದರುಗಳ ಒಂದು ಮನೆತನ

ಐರ್ಲೆಂಡಿನ ಬ್ಯಾಲಿಮೀನಾ ಊರಿನ ಲಿನನ್ ಬಟ್ಟೆಯ ವ್ಯಾಪಾರಿ ಅಲೆಕ್ಸಾಂಡರ್ ಬ್ರೌನ್ ಅಮೆರಿಕದ ಬಾಲ್ಟಿಮೋರ್ ಬಂದರಿಗೆ ಬಂದಿಳಿದದ್ದು 1800ರಲ್ಲಿ. ಎರಡು ವರ್ಷಗಳ ಹಿಂದಿನ ಐರಿಷ್ ದಂಗೆಯ ಕಾವು ಇನ್ನೂ ಆರಿರಲಿಲ್ಲ. ಜೊತೆಗೆ ಪತ್ನಿ ಮತ್ತು ಹಿರಿಯ ಮಗ ವಿಲಿಯಂ ಇದ್ದರು. ಉಳಿದ ಮೂವರು ಗಂಡುಮಕ್ಕಳಾದ ಜಾರ್ಜ್, ಜಾನ್ ಮತ್ತು ಜೇಮ್ಸ್ ಇಂಗ್ಲೆಂಡಿನಲ್ಲಿ ಓದುತ್ತಿದ್ದು, ಎರಡು ವರ್ಷಗಳ ಬಳಿಕ ಬಂದು ಸೇರಿದರು.

ಬಟ್ಟೆ ಅಂಗಡಿಯಿಂದ ಆರಂಭವಾದ ಈ ವ್ಯವಹಾರ ಬೆಳೆದ ಬಗೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲಕರ. ತಂದೆ ಮಕ್ಕಳನ್ನು ಒಂದೇ ಸೂರಿನಡಿ ಇರಿಸಿಕೊಳ್ಳಲಿಲ್ಲ. ವಿಲಿಯಂ ಲಿವರ್‌ಪೂಲ್‌ಗೆ ಹೋಗಿ 1810ರಲ್ಲಿ ಅಲ್ಲಿ ವ್ಯಾಪಾರ ಆರಂಭಿಸಿದರು. 1818ರಲ್ಲಿ ಜಾನ್ ಫಿಲಡೆಲ್ಫಿಯಾದಲ್ಲಿ, 1825ರಲ್ಲಿ ಜೇಮ್ಸ್ ನ್ಯೂಯಾರ್ಕಿನಲ್ಲಿ ನೆಲೆಯೂರಿದರು. ಜಾರ್ಜ್ ತಂದೆಯೊಂದಿಗೆ ಬಾಲ್ಟಿಮೋರಿನಲ್ಲೇ ಉಳಿದರು.

ಈ ಹಂಚಿಕೆಯ ಹಿಂದಿನ ಲೆಕ್ಕಾಚಾರ ತಿಳಿಯಬೇಕಾದರೆ ವಿನಿಮಯ ಪತ್ರದ ಬಗ್ಗೆ ಅರಿಯಬೇಕು. ಅದು ನಮ್ಮ ಹುಂಡಿಯ ದಾಯಾದಿ ಎನ್ನಬಹುದು. ದಕ್ಷಿಣದ ರಾಜ್ಯಗಳ ಹತ್ತಿ ವ್ಯಾಪಾರಿ ಸರಕನ್ನು ಲಿವರ್‌ಪೂಲ್‌ಗೆ ಸಾಗಿಸಿ, ಅದರ ಆಧಾರದ ಮೇಲೆ ವಿಲಿಯಂ ಅವರ ಹೆಸರಿಗೆ ಪತ್ರ ಬರೆಯುತ್ತಿದ್ದ. ಹತ್ತಿ ಮಾರಾಟವಾಗುವ ಮುನ್ನವೇ ಬ್ರೌನ್ ಮನೆತನದಿಂದ ಅವನಿಗೆ ಮುಂಗಡ ಸಿಗುತ್ತಿತ್ತು. ಇಂಗ್ಲೆಂಡಿನ ಬಟ್ಟೆ ತರಿಸುವ ನ್ಯೂಯಾರ್ಕಿನ ಆಮದುದಾರನಿಗೆ ಬೇಕಾದದ್ದು ಪೌಂಡು. ಅಂಥ ಪತ್ರವನ್ನು ಜೇಮ್ಸ್ ಅವರಿಂದ ಕೊಂಡು ತನ್ನ ಸಾಲ ತೀರಿಸುತ್ತಿದ್ದ. ಬೆಳ್ಳಿ ಬಂಗಾರ ಸಾಗರ ದಾಟುವ ಅಗತ್ಯವೇ ಇರಲಿಲ್ಲ. ಆದರೆ ಲಿವರ್‌ಪೂಲ್‌ನಲ್ಲಿ ಪತ್ರಕ್ಕೆ ಮನ್ನಣೆ ಸಿಗದಿದ್ದರೆ ನ್ಯೂಯಾರ್ಕಿನ ಸಹಿ ಬರೀ ಶಾಯಿ. ಹಾಯಿಹಡಗಿನ ಕಾಲದಲ್ಲಿ ಒಂದು ಕಾಗದಕ್ಕೆ ಉತ್ತರ ಬರಲು ತಿಂಗಳುಗಳೇ ಬೇಕಾಗಿದ್ದವು. ಪಾಲುದಾರಿಕೆಯ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಹಿಗೆ ಎಲ್ಲರ ಆಸ್ತಿಯೂ ಬಾಧ್ಯ. ಒಡಹುಟ್ಟಿದವರಲ್ಲದೆ ಇನ್ನಾರನ್ನು ನಂಬುವುದು?

ಇಷ್ಟಕ್ಕೇ ಕಥೆ ನಿಲ್ಲಿಸಿದರೆ ಅದು ವ್ಯವಹಾರ ನಿರ್ವಹಣೆಯ ಪಠ್ಯಗಳಲ್ಲಿ ಬರುವ ಸ್ವಪ್ರಯತ್ನದ ಯಶೋಗಾಥೆಯಾಗುತ್ತದೆ. ದಶಕಗಳ ಕಾಲ ಸರ್ಕಾರಿ ಕಡತಗಳನ್ನು ಓದಿದವನಿಗೆ ಅಂಥ ಗಾಥೆಗಳ ಬಗ್ಗೆ ತುಸು ಗುಮಾನಿ ಸಹಜ.

ಅಲೆಕ್ಸಾಂಡರ್ 1834ರಲ್ಲಿ ತೀರಿಕೊಂಡರು. ಮೂರೇ ವರ್ಷಗಳಲ್ಲಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಹಣಕಾಸಿನ ಬಿಕ್ಕಟ್ಟು ತಲೆದೋರಿತು. ಅಮೆರಿಕದೊಡನೆ ವ್ಯವಹರಿಸುತ್ತಿದ್ದ ವಿಲ್ಸನ್, ವಿಗಿನ್ ಮತ್ತು ವೈಲ್ಡ್ಸ್ ಎಂಬ ದೊಡ್ಡ ಸಂಸ್ಥೆಗಳು ಲಂಡನ್ನಿನಲ್ಲಿ ನೆಲಕಚ್ಚಿದವು. ಬ್ರೌನ್ ಸಂಸ್ಥೆಯ ಕೈಯಲ್ಲಿದ್ದ ಪತ್ರಗಳ ಹಣವೂ ಬರಲಿಲ್ಲ. ಆಗ ಸೋದರರ ಪರಸ್ಪರ ನಂಬಿಕೆ ಸಾಲಲಿಲ್ಲ. ವಿಲಿಯಂ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಾಗಿಲು ತಟ್ಟಿದರು. ಸುಮಾರು 20 ಲಕ್ಷ ಪೌಂಡುಗಳವರೆಗಿನ ನೆರವು ಮಂಜೂರಾಯಿತು. ಅದರಲ್ಲಿ ಒಂದು ಭಾಗವನ್ನಷ್ಟೇ ಬಳಸಿ, ಬೇಗನೆ ತೀರಿಸಿದ್ದು ಅವರ ಶಿಸ್ತಿಗೆ ಸಾಕ್ಷಿ, ನಿಜ. ಆದರೆ ಅವರು ಮುಳುಗಿದರೆ ಇಂಗ್ಲೆಂಡಿನ ಅನೇಕರು ಮುಳುಗುತ್ತಾರೆಂಬ ಭಯವೇ ಆ ಔದಾರ್ಯದ ಮೂಲ. 2008ರಲ್ಲಿ ಅಮೆರಿಕದ ಬ್ಯಾಂಕುಗಳ ಪರವಾಗಿ ಕೇಳಿಬಂದದ್ದೂ ಇದೇ ವಾದ. ಬಿಕ್ಕಟ್ಟು ಸೋದರರನ್ನೂ ಅಲುಗಿಸಿತು. ಕೆಲವೇ ವರ್ಷಗಳಲ್ಲಿ ಜಾನ್ ಮತ್ತು ಜಾರ್ಜ್ ಕೂಡುವ್ಯವಹಾರದಿಂದ ಹಿಂದೆ ಸರಿದರು.

ಇನ್ನೊಂದು ಋಣವಿತ್ತು. ಅದನ್ನು ಯಾರೂ ಮಂಜೂರು ಮಾಡಿರಲಿಲ್ಲ, ಯಾರೂ ತೀರಿಸಲಿಲ್ಲ. ಆ ಹತ್ತಿಯನ್ನು ಬಿಡಿಸಿದವರು ಗುಲಾಮರು. ಸಾಲ ತೀರಿಸಲಾಗದ ದಕ್ಷಿಣದ ಜಮೀನ್ದಾರರ ತೋಟಗಳು ಅಡಮಾನದ ಮೂಲಕ ಬ್ರೌನ್ ಸೋದರರ ವಶಕ್ಕೆ ಬಂದಾಗ, ಆ ತೋಟಗಳ ನೂರಾರು ಗುಲಾಮರೂ ಸ್ವತ್ತಿನ ಪಟ್ಟಿಯಲ್ಲಿ ಸೇರಿಕೊಂಡರು. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯ್ದೆ ಮಾಡಿದ್ದು 1833ರಲ್ಲಿ. ಆದರೆ ಅದರ ಗಿರಣಿಗಳಿಗೆ ಬೇಕಾದ ಹತ್ತಿಗೆ ಆ ಕಾಯ್ದೆ ಅನ್ವಯಿಸಲಿಲ್ಲ.

ವಿಲಿಯಂ ಬ್ರಿಟಿಷ್ ಸಂಸತ್ತಿನ ಸದಸ್ಯರಾದರು. ಲಿವರ್‌ಪೂಲ್ ನಗರಕ್ಕೆ ಗ್ರಂಥಾಲಯ ಹಾಗೂ ವಸ್ತುಸಂಗ್ರಹಾಲಯವನ್ನು ತಮ್ಮ ಹಣದಿಂದ ಕಟ್ಟಿಸಿಕೊಟ್ಟರು. ಅದು 1860ರಲ್ಲಿ ಜನರಿಗೆ ತೆರೆದುಕೊಂಡಿತು. ಆ ವರ್ಷವೂ ಅಮೆರಿಕದ ದಕ್ಷಿಣದಿಂದ ಹತ್ತಿಯ ಹಡಗುಗಳು ಅದೇ ಬಂದರಿಗೆ ಬರುತ್ತಲೇ ಇದ್ದವು.